ಗೋಡೆಯೊಳಗೆ ಸೇರಿದ ಕೂಲಿ

ದುಡಿದವನ ಕೈಯಲ್ಲಿ ಹಿಡಿದಿಟ್ಟುಕೊಳ್ಳತಕ್ಕ ವಸ್ತು ಏನೂ ಇಲ್ಲದಿರುವಾಗ ಅವನ ಕೂಲಿಗೆ ಹೊಣೆ ಯಾರು ಎಂಬದನ್ನು ಈ ಸಾರಿ ವಿಚಾರಿಸೋಣ.

ಕೊಟ್ಟೂರಿನ ಅಕ್ಕಸಾಲಿಗನು ನಮ್ಮ ಬಳೆಯನ್ನು ಹೇಳಿದ ವೇಳೆಗೆ ತಿದ್ದಿ, ಮಜೂರಿ ಬರುವ ತನಕ ಅದನ್ನು ತನ್ನಲ್ಲಿಯೇ ಇಟ್ಟುಕೊಂಡರೆ ಯಾರೂ ಅವನನ್ನು ಕಳ್ಳನೆನ್ನರು. 1872ನೆಯ ಇಸವಿಯ ಕರಾರು ಕಾಯಿದೆಯ 170ನೆಯ ಕಲಮು ಅವನಿಗೆ ಈ ಹಕ್ಕನ್ನು ಕೊಟ್ಟಿದೆ. ಆದರೆ ಕೂಡ್ಲಿಗಿಯಲ್ಲಾಗಲಿ ಹಡಗಲಿಯಲ್ಲಾಗಲಿ ಮನೆ ಕಟ್ಟಿದ ಗೌಂಡಿಯು ಏನನ್ನು ಹಿಡಿದಿಟ್ಟುಕೊಂಡಾನು? ಆ ಕಲಮು ಚರ ವಸ್ತುಗಳಿಗೆ ಮಾತ್ರ ಸಲ್ಲುವದು. ಅವನು ಇಟ್ಟ ಕಲ್ಲೂ ಬಳಿದ ಗಾರೆಯೂ ನೆಲಕ್ಕೆ ಸೇರಿಹೋದವು, ನೆಲವು ಯಜಮಾನನದು. ಹೊಲ ಮಾರಿದವನಿಗಾದರೋ ಬಾಕಿ ಕ್ರಯಕ್ಕಾಗಿ ಆ ಹೊಲದ ಮೇಲೆಯೇ ಹಕ್ಕು ಉಳಿಯುವದೆಂದು 1882ನೆಯ ಆಸ್ತಿ ವರ್ಗಾವಣೆ ಕಾಯಿದೆ ಹೇಳುತ್ತದೆ. ಅಮೇರಿಕದ ಮೇರಿಲೆಂಡ್ ಸಂಸ್ಥಾನದವರು ವಾಷಿಂಗ್ಟನ್ ಪಟ್ಟಣವನ್ನು ಕಟ್ಟುವ ಕಾಲದಲ್ಲಿ, 1791ರಲ್ಲಿಯೇ, ಕಟ್ಟಿದವನ ಬಾಕಿಗೆ ಕಟ್ಟಡವೇ ಹೊಣೆಯೆಂದು ವಿಧಿಸಿದರು. ನಮ್ಮ ದೇಶದಲ್ಲಿ ಮನೆ ಕಟ್ಟಿದವನಿಗೆ ಅಂಥ ಕಾಯಿದೆ ಇಲ್ಲ.

ಹಾಗಾದರೆ ಗೌಂಡಿಗೆ ನ್ಯಾಯವೇ ಇಲ್ಲವೋ? ಉಂಟು. ಧರ್ಮಕ್ಕೆಂದು ಮಾಡದ ಕೆಲಸದ ಫಲವನ್ನು ಅನುಭವಿಸಿದವನು ಅದರ ಬೆಲೆ ಕೊಡತಕ್ಕದ್ದೆಂದು ಅದೇ ಕರಾರು ಕಾಯಿದೆಯ 70ನೆಯ ಕಲಮು ಹೇಳುತ್ತದೆ. ಹಣದ ವಾಯಿದೆ ಗೊತ್ತುಮಾಡದಿದ್ದಲ್ಲಿ, ಕೆಲಸ ಮುಗಿದ ದಿನದಿಂದ 3 ವರುಷಗಳೊಳಗೆ ದಾವೆ ಹೂಡಬಹುದು. ಆದರೆ ಹರಪನಹಳ್ಳಿಯ ಬಡ ಗೌಂಡಿಯು ಕೋರ್ಟಿಗೆ ಅಲೆದರೆ ಆ ದಿನದ ಕೂಲಿಯೂ ಹೋಗುವದು. ಇದನ್ನು ಬಲ್ಲ ಯಜಮಾನನು "ನಾಳೆ ಬಾ" ಎನ್ನುತ್ತಾನೆ.

ಹಿಡಿದಿಟ್ಟುಕೊಳ್ಳಲಾರದವನಿಗೆ ಮೋಸಮಾಡುವದು ಸುಲಭ. ಸುಲಭವಾದದ್ದರಿಂದಲೇ ಅದು ಹೆಚ್ಚಿನ ದೋಷವು. ಅಕ್ಕಸಾಲಿಗನಿಗೆ ನಾವು ಕೊಡುವದು ಬಳೆಯ ಆಶೆಯಿಂದ. ಗೌಂಡಿಗೆ ಕೊಡುವದರಲ್ಲಿಯೇ ನಮ್ಮ ನೀತಿಯು ಬೈಲಾಗುವದು. ನೆರೆಯವನಿಂದ ಬಿಟ್ಟಿ ದುಡಿಸಿ ಅರಮನೆ ಕಟ್ಟಿಸಿದ ಯೆಹೋಯಾಕೀಮನ ಮೇಲೆ ಯಾವ ಕೋರ್ಟೂ ಇರಲಿಲ್ಲ. ಆದರೂ ಯೆರೆಮೀಯ ಪ್ರವಾದಿಯು ಅವನನ್ನು ಖಂಡಿಸದೆ ಬಿಡಲಿಲ್ಲ.

ಕೆಲಸವು ಕೆಟ್ಟಿದ್ದರೋ ಎಂದು ಕೆಲವರು ಕೇಳಾರು. ತಿದ್ದುವ ಖರ್ಚಿನಷ್ಟು ತಡೆಯುವದು ನ್ಯಾಯ. ಒಂದು ಬಿರುಕನ್ನು ನೆವಮಾಡಿ ಎಲ್ಲವನ್ನೂ ತಡೆಯುವದು ಅನ್ಯಾಯ.

ಆದಕಾರಣ ಹಗರಿಬೊಮ್ಮನಹಳ್ಳಿ ಮೊದಲಾದ ನಮ್ಮ ತಾಲೂಕುಗಳಲ್ಲಿ ಮನೆ ಕಟ್ಟಿಸುವವರು ಮೊದಲೇ ಕರಾರು ಬರೆದು ಇಬ್ಬರೂ ರುಜು ಹಾಕಲಿ. ಬುನಾದಿಗೆ ಇಷ್ಟು, ಗೋಡೆಗೆ ಇಷ್ಟು, ಮಾಳಿಗೆಗೆ ಇಷ್ಟು ಎಂದು ಆಯಾ ಕೆಲಸ ಮುಗಿದ ಹಾಗೆ ಸಲ್ಲಿಸಲಿ. ಹಣ ಪಡೆದ ಗುತ್ತಿಗೆದಾರನು ಕಲ್ಲು ಹೊತ್ತವರಿಗೂ ಮಣ್ಣು ಕಲಸಿದವರಿಗೂ ಅಂದೇ ಹಂಚಲಿ. ಬಾಕಿ ತೀರಿದ ಮೇಲೆಯೇ ಆ ಮನೆಯು ನಿಜವಾಗಿ ನಮ್ಮದು.