ಗುಡ್ಡದ ಮೇಲೆ ಉಳಿದವರು

ಯುದ್ಧದ ಕಥೆಗಳೆಂದರೆ ನಮ್ಮ ಯುವಕರಿಗೆ ಎಲ್ಲಿಲ್ಲದ ಉತ್ಸಾಹ. ನಾಲ್ಕು ಮಂದಿ ಒಂದೆಡೆ ಸೇರಿದರೆ ಸಾಕು, ಚರಿತ್ರೆಯಲ್ಲಿ ಅತಿ ಶ್ರೇಷ್ಠ ಪಡೆ ಯಾವುದೆಂಬ ಚರ್ಚೆ ಆರಂಭವಾಗುತ್ತದೆ. ಕ್ರಿ.ಪೂ. 480ರಲ್ಲಿ ಥರ್ಮೊಪಿಲೆಯ ಇಕ್ಕಟ್ಟಾದ ದಾರಿಯಲ್ಲಿ ಪರ್ಷಿಯಾದ ಮಹಾಸೇನೆಗೆ ಅಡ್ಡ ನಿಂತ ಸ್ಪಾರ್ಟಾದ 300 ಯೋಧರೆಂದು ಒಬ್ಬ ಹೇಳುತ್ತಾನೆ. 1260ರಲ್ಲಿ ಐನ್ ಜಾಲೂತ್‌ನಲ್ಲಿ ಮಂಗೋಲರನ್ನು ಸೋಲಿಸಿದ ಈಜಿಪ್ಟಿನ ಮಮ್ಲೂಕರೆಂದು ಇನ್ನೊಬ್ಬ ವಾದಿಸುತ್ತಾನೆ. ಉಸ್ಮಾನೀ ಸುಲ್ತಾನರ ಜಾನಿಸರಿ ಪಡೆಯನ್ನು ಹೊಗಳುವವರೂ ಇದ್ದಾರೆ.

ಚರಿತ್ರೆಯನ್ನು ಓದುವುದು, ಅದರ ಬಗ್ಗೆ ಮಾತನಾಡುವುದು ತಪ್ಪಲ್ಲ. ಆದರೆ ಈ ಚರ್ಚೆಗಳಲ್ಲಿ ಬಳಕೆಯಾಗುವ ಅಳತೆಗೋಲು ಯಾವುದೆಂದು ಸ್ವಲ್ಪ ಯೋಚಿಸಿ ನೋಡಿ. ಎಷ್ಟು ಮಂದಿಯನ್ನು ಕೊಂದರು, ಎಷ್ಟು ನಾಡುಗಳನ್ನು ಗೆದ್ದರು, ಎಷ್ಟು ಹೆಸರು ಗಳಿಸಿದರು ಎಂಬುದೇ ತಾನೇ? ಥರ್ಮೊಪಿಲೆಯಲ್ಲಿ ಸ್ಪಾರ್ಟಾದವರ ಜೊತೆ ಕೊನೆಯವರೆಗೂ ನಿಂತು ಸತ್ತ ಸುಮಾರು 700 ಮಂದಿ ಥೆಸ್ಪಿಯಾ ನಗರದವರಿದ್ದರು. ಅವರನ್ನು ನೆನೆಯುವವರು ಎಷ್ಟು ಮಂದಿ? ಜನರ ಹೊಗಳಿಕೆಯ ತಕ್ಕಡಿ ಅಂತಹದು. ಸತ್ಯವಿಶ್ವಾಸಿಯ ಕೈಯಲ್ಲಿ ಬೇರೆಯೇ ತಕ್ಕಡಿ ಇರಬೇಕು. ಅದು ಯಾವುದೆಂದು ತಿಳಿಯಬೇಕಾದರೆ ಉಹುದ್ ರಣರಂಗದ ಒಂದು ಚಿಕ್ಕ ಗುಡ್ಡದ ಕಡೆಗೆ ಗಮನ ಹರಿಸೋಣ.

ಅದು ಹಿಜಿರಾ 3ನೇ ವರ್ಷ, ಕ್ರಿ.ಶ. 625. ಕುರೈಶರು 3,000 ಮಂದಿಯ ಸೇನೆಯೊಂದಿಗೆ ಮದೀನದ ಬಳಿಗೆ ಬಂದಿದ್ದರು. ಮುಸ್ಲಿಮರ ಕಡೆಯಿಂದ ಹೊರಟವರು ಸುಮಾರು 1,000 ಮಂದಿ. ಅವರಲ್ಲಿ 300 ಮಂದಿಯನ್ನು ಕಪಟಿಗಳ ನಾಯಕ ಅಬ್ದುಲ್ಲಾ ಬಿನ್ ಉಬಯ್ಯ್ ದಾರಿಯಲ್ಲೇ ಹಿಂದಕ್ಕೆ ಕರೆದೊಯ್ದನು. ಉಳಿದ 700 ಮಂದಿಯನ್ನು ಪ್ರವಾದಿವರ್ಯರು(ಸ) ಉಹುದ್ ಬೆಟ್ಟವನ್ನು ಬೆನ್ನಿಗಿಟ್ಟುಕೊಂಡು ನಿಲ್ಲಿಸಿದರು. ಹಿಂದಿನಿಂದ ಆಕ್ರಮಣವಾಗಬಹುದಾದ ಒಂದು ಕಡೆಯಿತ್ತು. ಅಲ್ಲಿನ ಗುಡ್ಡದ ಮೇಲೆ ಹಝ್ರತ್ ಅಬ್ದುಲ್ಲಾ ಬಿನ್ ಜುಬೈರ್(ರ)ರ ನೇತೃತ್ವದಲ್ಲಿ 50 ಮಂದಿ ಬಿಲ್ಲುಗಾರರನ್ನು ನೇಮಿಸಿದರು. ಗೆದ್ದರೂ ಸರಿ, ಸೋತರೂ ಸರಿ, ತಾನು ಹೇಳಿಕಳುಹಿಸುವ ತನಕ ಯಾರೂ ಆ ಜಾಗವನ್ನು ಬಿಡಬಾರದೆಂದು ಸ್ಪಷ್ಟವಾಗಿ ಆಜ್ಞಾಪಿಸಿದರು.

ಯುದ್ಧ ಆರಂಭವಾಯಿತು. ಕುರೈಶರು ಹಿಮ್ಮೆಟ್ಟಿದರು. ಕೆಳಗೆ ಜನರು ಸಮರಾರ್ಜಿತ ಸೊತ್ತನ್ನು ಒಟ್ಟುಗೂಡಿಸುತ್ತಿರುವುದು ಗುಡ್ಡದ ಮೇಲಿದ್ದವರ ಕಣ್ಣಿಗೆ ಬಿತ್ತು. ಗೆಲುವಾಯಿತಲ್ಲ, ಇನ್ನು ಇಲ್ಲಿ ನಮಗೇನು ಕೆಲಸ ಎಂದು ಅವರಿಗೆ ತೋರಿತು. ನಾಯಕರು ಪ್ರವಾದಿಯವರ(ಸ) ಆಜ್ಞೆಯನ್ನು ನೆನಪಿಸಿದರು. ಆದರೂ ಹೆಚ್ಚಿನವರು ಇಳಿದು ಹೋದರು. ಮೇಲೆ ಉಳಿದವರು ಸುಮಾರು 10 ಮಂದಿ ಮಾತ್ರ.

ಆಗ ಇನ್ನೂ ಇಸ್ಲಾಮ್ ಸ್ವೀಕರಿಸದಿದ್ದ ಖಾಲಿದ್ ಬಿನ್ ವಲೀದ್ ಕುರೈಶರ ಕುದುರೆ ಸವಾರರ ಮುಖಂಡರಾಗಿದ್ದರು. ತೆರವಾದ ಆ ಜಾಗವನ್ನು ಅವರು ಕಂಡರು. ಸುತ್ತು ಬಳಸಿ ಬಂದು ಹಿಂದಿನಿಂದ ಎರಗಿದರು. ಗುಡ್ಡದ ಮೇಲೆ ಉಳಿದಿದ್ದ ಅಬ್ದುಲ್ಲಾ ಬಿನ್ ಜುಬೈರ್(ರ) ಮತ್ತು ಅವರ ಸಂಗಡಿಗರು ತಮ್ಮ ಜಾಗದಲ್ಲೇ ಹುತಾತ್ಮರಾದರು. ಕೈಗೆ ಬಂದಿದ್ದ ಗೆಲುವು ಕೈಜಾರಿತು. ಹಝ್ರತ್ ಹಂಝ(ರ)ರ ಸಹಿತ ಸುಮಾರು 70 ಮಂದಿ ಅಂದು ಹುತಾತ್ಮರಾದರು. ಪ್ರವಾದಿವರ್ಯರ(ಸ) ಮುಖಕ್ಕೆ ಗಾಯವಾಯಿತು, ಹಲ್ಲು ಮುರಿಯಿತು.

ಸಹೋದರ ಸಹೋದರಿಯರೇ, ಆ ಬಿಲ್ಲುಗಾರರು ಹೇಡಿಗಳಾಗಿರಲಿಲ್ಲ. ಶತ್ರುವಿನ ಭಯ ಅವರನ್ನು ಗುಡ್ಡದಿಂದ ಇಳಿಸಲಿಲ್ಲ, ಗೆದ್ದೆವೆಂಬ ಭಾವನೆ ಇಳಿಸಿತು. ಕಷ್ಟ ಕಾಲದಲ್ಲಿ ಅಲುಗಾಡದವರು ಕಷ್ಟ ಮುಗಿಯಿತೆಂದು ತೋರಿದಾಗ ಅಲುಗಾಡಿದರು. ವಹಿಸಿಕೊಂಡ ಹೊಣೆಯನ್ನು, ಅದು ಇನ್ನು ಅಗತ್ಯವಿಲ್ಲವೆಂದು ಮನಸ್ಸು ಹೇಳುವಾಗಲೂ ಬಿಡದಿರುವುದೇ ನಿಜವಾದ ಸ್ಥೈರ್ಯ. ಮೇಲೆ ಉಳಿದ ಆ 10 ಮಂದಿ ಯುದ್ಧವನ್ನು ಗೆಲ್ಲಿಸಲಿಲ್ಲ. ಅವರಲ್ಲಿ ನಾಯಕರೊಬ್ಬರ ಹೊರತು ಉಳಿದವರ ಹೆಸರು ನಮ್ಮ ಮನೆಗಳಲ್ಲಿ ಯಾರ ಬಾಯಲ್ಲೂ ಇಲ್ಲ. ಆದರೆ ಅಲ್ಲಾಹನ ಬಳಿ ಅವರ ಹೆಸರು ಕಳೆದುಹೋಗಿಲ್ಲ.

ಇನ್ನೊಂದು ವಿಷಯವನ್ನು ಗಮನಿಸಿ. ಉಹುದ್ ಯುದ್ಧ ನಡೆದುದು ಶವ್ವಾಲ್ ತಿಂಗಳಲ್ಲಿ, ಅಂದರೆ ರಮಝಾನ್ ಕಳೆದ ಕೂಡಲೇ ಬರುವ ತಿಂಗಳಲ್ಲಿ. ನಮ್ಮ ಮಸೀದಿಗಳ ಸ್ಥಿತಿ ಆ ತಿಂಗಳಲ್ಲಿ ಹೇಗಿರುತ್ತದೆ? ರಮಝಾನಿನಲ್ಲಿ ಅಂಗಳದ ತನಕ ಬೆಳೆದಿದ್ದ ಸಾಲುಗಳು ಈದ್ ಕಳೆದ ಮೇಲೆ ಸುಬ್‌ಹ್ ನಮಾಝಿನಲ್ಲಿ ಎಷ್ಟು ಉಳಿಯುತ್ತವೆ? ಉಪವಾಸ ಮುಗಿಯಿತು, ಇನ್ನೇನು ಎಂದುಕೊಂಡು ನಾವೂ ಗುಡ್ಡ ಇಳಿಯುತ್ತಿಲ್ಲವೇ? ವ್ಯಾಪಾರ ಕುದುರುವವರೆಗೆ ತೂಕದಲ್ಲಿ ಪ್ರಾಮಾಣಿಕನಾಗಿದ್ದವನು ಕುದುರಿದ ಮೇಲೆ ಕೈ ಸಡಿಲ ಬಿಡುತ್ತಾನೆ. ಮಗಳ ಮದುವೆಯಾಗುವ ತನಕ ಸಾಲಗಾರರಿಗೆ ವಿನಯದಿಂದ ಉತ್ತರಿಸಿದವನು ಮದುವೆಯ ಮರುದಿನ ಮುಖ ತಪ್ಪಿಸುತ್ತಾನೆ. ಪ್ರತಿಯೊಬ್ಬರಿಗೂ ಕಾಯಲು ಒಂದು ಗುಡ್ಡವಿದೆ. ಅದು ತೆರವಾಗುವುದನ್ನೇ ಶೈತಾನನು ಕಾದು ಕುಳಿತಿದ್ದಾನೆ.

ಹಾಗಾದರೆ ಒಮ್ಮೆ ಇಳಿದು ಹೋದವನ ಗತಿ ಮುಗಿಯಿತೇ? ಇಲ್ಲ. ಪವಿತ್ರ ಕುರ್‌ಆನಿನ ಆಲು ಇಮ್ರಾನ್ ಅಧ್ಯಾಯವು ಅಂದಿನ ತಪ್ಪನ್ನು ಮುಚ್ಚಿಡದೆ ಹೇಳುತ್ತದೆ. ಅಲ್ಲಾಹನು ಅವರನ್ನು ಕ್ಷಮಿಸಿದನೆಂದೂ ಅಲ್ಲಿಯೇ ಸಾರುತ್ತದೆ. ಮಾತ್ರವಲ್ಲ, ಅವರನ್ನು ಕ್ಷಮಿಸಬೇಕೆಂದೂ ಕಾರ್ಯಗಳಲ್ಲಿ ಅವರೊಂದಿಗೆ ಸಮಾಲೋಚಿಸಬೇಕೆಂದೂ ಪ್ರವಾದಿಯವರಿಗೆ(ಸ) ಆದೇಶಿಸುತ್ತದೆ. ತಪ್ಪಿದವನನ್ನು ಸಾಲಿನಿಂದ ಹೊರಗೆ ದೂಡುವ ನಮ್ಮ ಮನೆಗಳೂ ಜಮಾಅತುಗಳೂ ಇದನ್ನು ನೆನಪಿಡಬೇಕು.

ಯುದ್ಧದ ಮರುದಿನ ಪ್ರವಾದಿವರ್ಯರು(ಸ) ಶತ್ರುಗಳನ್ನು ಹಿಂಬಾಲಿಸಲು ಕರೆ ನೀಡಿದರು. ಉಹುದ್‌ನಲ್ಲಿ ಭಾಗವಹಿಸಿದ್ದವರೇ, ಅಂದರೆ ಗಾಯಗೊಂಡು ಬಳಲಿದ್ದವರೇ, ಹಮ್ರಾಉಲ್ ಅಸದ್ ಎಂಬಲ್ಲಿಯ ತನಕ ನಡೆದರು. ಅವರಲ್ಲಿ ಇಬ್ಬರು ಅಣ್ಣ ತಮ್ಮಂದಿರಿದ್ದರೆಂದು ಚರಿತ್ರೆಯಲ್ಲಿ ವರದಿಯಾಗಿದೆ. ಇಬ್ಬರಿಗೂ ತೀವ್ರ ಗಾಯ, ಸವಾರಿಗೆ ಪ್ರಾಣಿಯಿಲ್ಲ. ಕಡಿಮೆ ಗಾಯವಾಗಿದ್ದವನು ಇನ್ನೊಬ್ಬನು ಸೋತಾಗ ಅವನನ್ನು ಹೊತ್ತುಕೊಳ್ಳುತ್ತಿದ್ದನು. ಸ್ವಲ್ಪ ದೂರ ಹೊತ್ತು, ಸ್ವಲ್ಪ ದೂರ ನಡೆಸಿ, ಅಂತೂ ಇಬ್ಬರೂ ತಲುಪಿದರು. ಅಂದು ಅಲ್ಲಿ ಯುದ್ಧವೇ ನಡೆಯಲಿಲ್ಲ. ಆದರೂ ಗಾಯಗೊಂಡ ಮೇಲೂ ಕರೆಗೆ ಓಗೊಟ್ಟ ಆ ಜನರನ್ನು ಅಲ್ಲಾಹನು ತನ್ನ ಗ್ರಂಥದಲ್ಲಿ ಪ್ರಶಂಸಿಸಿದನು.

ನಿಮ್ಮ ಮಕ್ಕಳು ಶ್ರೇಷ್ಠ ಸೇನೆಗಳ ಬಗ್ಗೆ ಕೇಳಿದಾಗ ಈ ಇಬ್ಬರು ಸಹೋದರರ ಕಥೆಯನ್ನೂ ಹೇಳಿ. ಗುಡ್ಡದ ಮೇಲೆ ಉಳಿದವರ ಕಥೆಯನ್ನೂ ಹೇಳಿ. ವಹಿಸಿಕೊಟ್ಟ ಜಾಗದಲ್ಲಿ ಕೊನೆಯ ತನಕ ನಿಲ್ಲುವ ಶಕ್ತಿಯನ್ನೂ, ಜಾರಿದರೆ ಮರಳಿ ಬರುವ ಮನಸ್ಸನ್ನೂ ಅಲ್ಲಾಹನು ನಮಗೂ ನಮ್ಮ ಸಂತತಿಗೂ ಅನುಗ್ರಹಿಸಲಿ. ಆಮೀನ್.