ಬೀಸುಕಲ್ಲು ಮತ್ತು ಏಳು ಗಂಟೆಯ ರಿಮೈಂಡರ್

ಹಿಂಜೆವಾಡಿಯ ಆಫೀಸಿಗೆ ಹೊರಡುವ ಮೊದಲು ದಿನಕ್ಕೊಂದು ಕವಿತೆ ಓದಬೇಕೆಂದು ಹೋದ ವರ್ಷ ಫೋನಿನಲ್ಲಿ ಏಳು ಗಂಟೆಗೆ ರಿಮೈಂಡರ್ ಇಟ್ಟುಕೊಂಡೆ. ಪ್ರಾಜೆಕ್ಟ್ ಮ್ಯಾನೇಜರ್ ಬುದ್ಧಿ ಎಲ್ಲಿ ಹೋಗುತ್ತದೆ? ಓದಿದ ದಿನಕ್ಕೆ ಎಕ್ಸೆಲ್ ಹಾಳೆಯಲ್ಲಿ ಹಸಿರು ಬಣ್ಣ ಬಳಿಯುತ್ತಿದ್ದೆ. ಮೂರು ವಾರ ಪೂರ್ತಿ ಹಸಿರು. ಆಮೇಲೆ ನೋಡಿದರೆ ಓದಿದ್ದರಲ್ಲಿ ಒಂದು ಸಾಲೂ ನೆನಪಿರಲಿಲ್ಲ.

ಅದೇ ದಿನಗಳಲ್ಲಿ ಪುಣೆಯಲ್ಲೇ ನಡೆದ ಒಂದು ಕೆಲಸದ ಬಗ್ಗೆ ಓದಿದೆ. ಹೇಮಾ ರಾಯರಕರ್ ಮತ್ತು ಗೀ ಪೊಯ್ಟವ್ಯಾಂ, ಮಹಾರಾಷ್ಟ್ರದ ಹಳ್ಳಿಯ ಹೆಂಗಸರು ಬೀಸುವಾಗ ಹಾಡುತ್ತಿದ್ದ ಓವಿಗಳನ್ನು ವರ್ಷಗಟ್ಟಲೆ ಕೂಡಿಹಾಕಿದರು. ಒಂದು ಲಕ್ಷಕ್ಕೂ ಹೆಚ್ಚು! 2017ರಿಂದ 'ಪರಿ' ಜಾಲತಾಣದಲ್ಲಿ ಅವು ಬರುತ್ತಿವೆ. ನಮ್ಮ ಕಡೆ ಹಲಸಂಗಿಯ ಗೆಳೆಯರು ಇಂಥವೇ ತ್ರಿಪದಿಗಳನ್ನು ಆರಿಸಿ 1931ರಲ್ಲಿ 'ಗರತಿಯ ಹಾಡು' ತಂದಿದ್ದರು. ಭಾಷೆ ಬೇರೆ, ಬೀಸಿದ ಜೋಳ ಒಂದೇ.

ಆ ಹೆಂಗಸರಿಗೆ ರಿಮೈಂಡರ್ ಬೇಕಿರಲಿಲ್ಲ. ಕೈ ಕಲ್ಲಿಗೆ, ಬಾಯಿ ಹಾಡಿಗೆ. ಎಂಥ ಬದುಕು ಅದು ಎಂದು ಹೊಟ್ಟೆಕಿಚ್ಚಾಯಿತು. ಇಂಡಿ ತಾಲೂಕಿನ ಊರಿಗೆ ಫೋನ್ ಮಾಡಿ ಅವ್ವನಿಗೆ ಹಾಗೇ ಹೇಳಿಬಿಟ್ಟೆ.

"ಗಿರಣಿ ಬಂದ ಮ್ಯಾಲ ರಟ್ಟಿ ನೋವು ಹೋತು, ಹಾಡೂ ಹೋತು. ಎರಡೂ ಕೂಡೇ ಹೋದ್ವು. ನಿನಗ ಯಾವುದು ತಿರುಗಿ ಬೇಕು?" ಅಂದಳು.

ಉತ್ತರ ಬರಲಿಲ್ಲ. ನಸುಕಿಗೆ ಮೊದಲೇ ಎದ್ದು ಬೀಸಿದವಳು ಅವಳು, ಆ ರೊಟ್ಟಿ ತಿಂದು ಎಂಟೆಕ್ ಮಾಡಿದವನು ನಾನು. ಅವಳ ದುಡಿತ ಬೇಡ, ಹಾಡು ಮಾತ್ರ ಬೇಕು ಎನ್ನುವುದರಲ್ಲಿ ಏನೋ ಮೋಸವಿದೆ.

ನನ್ನ ದುಡಿತವೇ ಬೇರೆ. ಕೈಗೆ ಕೆಲಸವಿಲ್ಲ, ಇಡೀ ದಿನ ಸವೆಯುವುದು ಮಾತು. ಮೇಲ್, ಸ್ಟೇಟಸ್ ಕಾಲ್, ಮತ್ತೆ ಮೇಲ್. ಕವಿತೆಗೆ ಬೇಕಾದ ಜಾಗವನ್ನೇ ಕೆಲಸ ತಿಂದುಹಾಕುತ್ತದೆ. ಎರಡು ತಿಂಗಳ ಹಿಂದೆ ಬಜೆಟ್ ಕಡಿತವಾಗಿ, ತಂಡದಿಂದ ಯಾರನ್ನು ಬಿಡುವುದೆಂದು ನಾನೇ ಬರೆದುಕೊಡಬೇಕಾಯಿತು. ಆರು ವರ್ಷ ಪಕ್ಕದಲ್ಲಿ ಕೂತು ಡಬ್ಬಿ ಹಂಚಿಕೊಂಡವನ ಹೆಸರಿನ ಮುಂದೆ 'ರಿಸೋರ್ಸ್ ರಿಲೀಸ್' ಎಂದು ಟೈಪ್ ಮಾಡಿದೆ. ಕೈ ನಡುಗಲಿಲ್ಲ. ಅವನಿಗೆ ಮೊದಲು ಮೇಲ್ ಹೋಯಿತು, ನನ್ನ ಫೋನ್ ಹೋದದ್ದು ಸಂಜೆ.

ಬೀಸುವ ಪದಗಳಲ್ಲಿ ಕಲ್ಲನ್ನೇ ಕರೆದು ಮಾತಾಡಿಸುತ್ತಾರೆ. ನಾನು ಮನುಷ್ಯನನ್ನು ಹಾಳೆಯ ಒಂದು ಸಾಲು ಮಾಡಿದ್ದೆ. ದಿನಾ ಕವಿತೆ ಓದಿದ್ದರೆ ಅವನ ಕೆಲಸ ಉಳಿಯುತ್ತಿತ್ತು ಎನ್ನಲಾರೆ, ಅದು ಸುಳ್ಳು. ಓದಿಯೂ ಕಟುಕರಾದವರು ಬೇಕಾದಷ್ಟಿದ್ದಾರೆ. ಆದರೆ ಆ ಎರಡು ಪದ ಅಷ್ಟು ಸಲೀಸಾಗಿ ಬೆರಳಿಗೆ ಬಂದವಲ್ಲ, ಅದು ಇನ್ನೂ ಚುಚ್ಚುತ್ತಿದೆ. ಒಳಗೆ ಬೇರೆ ಮಾತು ಓಡಾಡುತ್ತಿದ್ದರೆ ಅಲ್ಲಿ ಕ್ಷಣ ಹೊತ್ತು ಎಡವುತ್ತಿದ್ದೆನೇನೋ. ಎಡವಿದ್ದರೆ ಮೊದಲು ಫೋನ್ ಮಾಡುತ್ತಿದ್ದೆನೇನೋ.

ರಿಮೈಂಡರ್ ತೆಗೆದಿದ್ದೇನೆ. ವಾಕಡ್ ಸೇತುವೆಯ ಹತ್ತಿರ ಗಾಡಿಗಳು ನಿಂತಾಗ ಒಂದೇ ಕವಿತೆಯನ್ನು ಬಾಯಿಪಾಠ ಮಾಡುತ್ತಿದ್ದೇನೆ, ತಿಂಗಳಿಗೊಂದಾದರೆ ಸಾಕು. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಅವ್ವನಿಗೆ ಒಂದು ಪದ ಹೇಳು ಎಂದೆ. "ಕಲ್ಲಿಲ್ಲದ ಬಾಯಿಗೆ ಬರೂದಿಲ್ಲೋ" ಎಂದವಳು, ಸುಮ್ಮನೆ ನೆಲದ ಮೇಲೆ ಕೈ ತಿರುಗಿಸತೊಡಗಿದಳು. ಎರಡು ಸಾಲು ಬಂದವು. ಮೂರನೆಯದು ಬರಲಿಲ್ಲ.

"ನಾಳೆ ಫೋನ್ ಹಚ್ಚು" ಅಂದಳು.