ಮಾಡದ ಕೆಲಸಕ್ಕೆ ಶಿಕ್ಷೆ ಉಂಟೇ?

*ಇಂದಿನ ಧಮ್ಮ ಚಿಂತನೆ*





ನೆರೆಯ ಮಹಾರಾಷ್ಟ್ರದ ವಿಧಾನಸಭೆ 2025ರ ಜುಲೈ 10ರಂದು ‘ವಿಶೇಷ ಸಾರ್ವಜನಿಕ ಭದ್ರತಾ ಮಸೂದೆ’ಯನ್ನು ಧ್ವನಿಮತದಿಂದ ಅಂಗೀಕರಿಸಿತು. ಮರುದಿನ ವಿಧಾನ ಪರಿಷತ್ತೂ ಒಪ್ಪಿತು. ‘ಜನ ಸುರಕ್ಷಾ’ ಎಂದು ಅದಕ್ಕೆ ಜನಬಳಕೆಯ ಹೆಸರು. ಅದನ್ನು ಪರಿಶೀಲಿಸಿದ ಜಂಟಿ ಸಮಿತಿಗೆ 12 ಸಾವಿರಕ್ಕೂ ಹೆಚ್ಚು ಸಲಹೆ, ಆಕ್ಷೇಪಣೆಗಳು ಬಂದಿದ್ದವು.

ಬೆಳಗಿನ ಧಮ್ಮ ಚಿಂತನೆಯಲ್ಲಿ ಇದೇಕೆ ಎಂದು ಕೆಲವರಿಗೆ ಅನಿಸಬಹುದು. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಯ ನಮ್ಮ ಎಷ್ಟೋ ಮನೆಗಳ ನೆಂಟಸ್ತಿಕೆ ಗಡಿಯಾಚೆಗಿದೆ. ದೀಕ್ಷಾಭೂಮಿ, ಚೈತ್ಯಭೂಮಿ, ಮಹಾಡ್, ಭೀಮಾ ಕೋರೆಗಾಂವ್ ನಾವು ಹೋಗಿಬರುವ ಜಾಗಗಳು. ಅದಕ್ಕಿಂತ ಮುಖ್ಯವಾಗಿ, ಆ ಕಾನೂನು ಒಂದು ಹಳೆಯ ಪ್ರಶ್ನೆಯನ್ನು ನಮ್ಮ ಮುಂದೆ ಇಟ್ಟಿದೆ. ಒಬ್ಬ ಮನುಷ್ಯ ಮಾಡಿದ್ದಕ್ಕೆ ಅವನನ್ನು ಶಿಕ್ಷಿಸಬೇಕೋ, ಮಾಡಬಹುದು ಎಂಬ ಅನುಮಾನಕ್ಕೂ ಶಿಕ್ಷಿಸಬಹುದೋ?

*ಕಾನೂನು ಹೇಳುವುದೇನು*

ಕಾನೂನುಬಾಹಿರ ಚಟುವಟಿಕೆ ಎಂದರೆ ಏನು ಎಂಬ ವ್ಯಾಖ್ಯೆಯಲ್ಲೇ ಇದರ ಜೀವ ಇದೆ. ಸಾರ್ವಜನಿಕ ಸುವ್ಯವಸ್ಥೆಗೆ ಅಡ್ಡಿ ಮಾಡುವುದಷ್ಟೇ ಅಲ್ಲ, ಅಡ್ಡಿ ಮಾಡುವ ‘ಪ್ರವೃತ್ತಿ’ ಇರುವುದೂ ಅದರಲ್ಲಿ ಸೇರುತ್ತದೆ. ಸ್ಥಾಪಿತ ಕಾನೂನಿಗೆ, ಅದರ ಸಂಸ್ಥೆಗಳಿಗೆ ಅವಿಧೇಯರಾಗುವಂತೆ ಪ್ರೋತ್ಸಾಹಿಸುವುದೂ ಸೇರುತ್ತದೆ. ಅದು ಕೃತ್ಯವೇ ಆಗಬೇಕಿಲ್ಲ. ಮಾತು, ಬರಹ, ಸಂಕೇತ, ಚಿತ್ರ ಸಾಕು. ಸರ್ಕಾರ ಒಂದು ಸಂಘಟನೆಯನ್ನು ಕಾನೂನುಬಾಹಿರ ಎಂದು ಘೋಷಿಸಿದರೆ ಅದರ ಸದಸ್ಯರಿಗೆ 3 ವರ್ಷದವರೆಗೆ ಜೈಲು. ಸದಸ್ಯರಲ್ಲದೆ ನೆರವು ಕೊಟ್ಟವರಿಗೆ 2 ವರ್ಷದವರೆಗೆ. ಚಟುವಟಿಕೆ ನಡೆಸಿದವರಿಗೆ, ಪ್ರಚೋದಿಸಿದವರಿಗೆ 7 ವರ್ಷದವರೆಗೆ. ಎಲ್ಲವೂ ಜಾಮೀನು ರಹಿತ. ಘೋಷಣೆಗೆ ಕಾರಣವಾದ ಸಂಗತಿಗಳನ್ನು ಸಾರ್ವಜನಿಕ ಹಿತದ ಹೆಸರಿನಲ್ಲಿ ಬಹಿರಂಗಪಡಿಸದೆ ಇಟ್ಟುಕೊಳ್ಳುವ ಅವಕಾಶವೂ ಸರ್ಕಾರಕ್ಕಿದೆ.

ಸರ್ಕಾರದ ವಾದವನ್ನೂ ನ್ಯಾಯವಾಗಿ ಕೇಳಬೇಕು. ಗಡಚಿರೋಲಿಯ ಕಾಡಿನಲ್ಲಿ ಪೊಲೀಸರೂ ಸತ್ತಿದ್ದಾರೆ, ಬಡ ಆದಿವಾಸಿಗಳೂ ಸತ್ತಿದ್ದಾರೆ. ಹಿಂಸೆಗೆ ನಗರಗಳಿಂದ ಬೆಂಬಲ ಸಿಗುತ್ತಿದೆ, ಛತ್ತೀಸಗಢದಂಥ ರಾಜ್ಯಗಳಲ್ಲಿ ಇಂಥ ಕಾನೂನು ಆಗಲೇ ಇದೆ ಎನ್ನುತ್ತದೆ ಸರ್ಕಾರ. ಸಮಿತಿಯ ಪರಿಶೀಲನೆಯ ನಂತರ ಎಡಪಂಥೀಯ ಉಗ್ರವಾದಿ ಹಾಗೂ ‘ಅಂಥವೇ ಇತರ’ ಸಂಘಟನೆಗಳು ಎಂದು ಉದ್ದೇಶವನ್ನು ಬಿಗಿಗೊಳಿಸಿರುವುದಾಗಿಯೂ ಹೇಳುತ್ತದೆ. ಪಂಚಶೀಲದ ಮೊದಲ ಶೀಲವನ್ನು ಸ್ವೀಕರಿಸಿದ ನಾವು ಬಂದೂಕಿನ ದಾರಿಯನ್ನು ಒಪ್ಪಲಾರೆವು. ಬಾಬಾಸಾಹೇಬರು ಬುದ್ಧ ಮತ್ತು ಮಾರ್ಕ್ಸ್‌ರನ್ನು ತೂಗಿ ನೋಡಿದ್ದೂ ಇದೇ ಪ್ರಶ್ನೆಯ ಮೇಲೆ. ಆದರೆ ಹಿಂಸೆಗೆ, ಹಿಂಸೆಯ ಸಂಚಿಗೆ, ಅದಕ್ಕೆ ಹಣ ಕೊಡುವುದಕ್ಕೆ ದೇಶದಲ್ಲಿ ಆಗಲೇ ಕಠಿಣ ಕಾನೂನುಗಳಿವೆ. ಹೊಸದು ಸೇರಿಸುತ್ತಿರುವುದು ‘ಪ್ರವೃತ್ತಿ’ ಎಂಬ ಪದವನ್ನು, ‘ಅಂಥವೇ ಇತರ’ ಎಂಬ ಪದವನ್ನು. ಅವೆರಡರ ಅಳತೆ ಯಾರ ಕೈಯಲ್ಲಿದೆ?

*ವಿನಯದ ದಾರಿ*

ವಿನಯ ಪಿಟಕ ನಮಗೆ ಇಲ್ಲಿ ಬೆಳಕು ಕೊಡುತ್ತದೆ. ಅದು ಭಿಕ್ಖುಗಳ ನಿಯಮಗಳ ಪಟ್ಟಿ ಮಾತ್ರವಲ್ಲ, ನಿಯಮ ಹೇಗೆ ಮಾಡಬೇಕು ಎಂಬುದರ ಪಾಠವೂ ಹೌದು.

ಸಂಘ ಬಹುಕಾಲ ಉಳಿಯಬೇಕಾದರೆ ಈಗಲೇ ನಿಯಮಗಳನ್ನು ವಿಧಿಸಿರಿ ಎಂದು ಸಾರಿಪುತ್ತರು ವೇರಂಜದಲ್ಲಿ ಭಗವಾನರನ್ನು ಕೇಳಿಕೊಂಡರು. ಭಗವಾನರು ತಡೆದರು. ದೋಷ ಕಾಣಿಸಿಕೊಳ್ಳುವ ಮೊದಲೇ ಶಾಸ್ತನು ನಿಯಮ ವಿಧಿಸುವುದಿಲ್ಲ ಎಂಬುದು ಅವರ ನಿಲುವು. ಮುಂದೆ ಪ್ರತಿಯೊಂದು ನಿಯಮವೂ ನಡೆದ ಒಂದು ಘಟನೆಯಿಂದಲೇ ಹುಟ್ಟಿತು. ಯಾರ ತಪ್ಪಿನಿಂದ ನಿಯಮ ಹುಟ್ಟಿತೋ ಆ ಮೊದಲಿಗನಿಗೆ ಆ ನಿಯಮದಡಿ ದೋಷವಿಲ್ಲ. ಅವನು ಮಾಡಿದಾಗ ನಿಯಮ ಇರಲಿಲ್ಲವಲ್ಲ. ಅಷ್ಟೇ ಅಲ್ಲ, ನಿಯಮದ ಒಂದೊಂದು ಪದಕ್ಕೂ ವಿನಯದಲ್ಲಿ ಅರ್ಥ ಬಿಡಿಸಿ ಹೇಳಲಾಗಿದೆ. ಯಾವುದು ಅಪರಾಧ, ಯಾವುದು ಅಲ್ಲ ಎಂದು ಭಿಕ್ಖು ಮೊದಲೇ ತಿಳಿದಿರುತ್ತಾನೆ.

ವಿಚಾರಣೆಯಲ್ಲೂ ಹಾಗೆಯೇ. ಆರೋಪಿ ಎದುರಿಗಿಲ್ಲದೆ, ಅವನನ್ನು ಪ್ರಶ್ನಿಸದೆ, ಅವನ ಮಾತು ಕೇಳದೆ ಸಂಘ ಕೈಗೊಂಡ ಕ್ರಮ ಅಸಿಂಧು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯ ಕೊನೆಯ ಭಾಷಣದಲ್ಲಿ ಬಾಬಾಸಾಹೇಬರು ಸಂಘದ ಇದೇ ನಡಾವಳಿಯನ್ನು ನೆನೆದರು. ಠರಾವು, ಕೋರಂ, ಮತ ಎಣಿಕೆ ಇವೆಲ್ಲ ಭಿಕ್ಖು ಸಂಘಕ್ಕೆ ಗೊತ್ತಿದ್ದವು, ಪ್ರಜಾಪ್ರಭುತ್ವ ಈ ನೆಲಕ್ಕೆ ಹೊಸದಲ್ಲ ಎಂದು ತೋರಿಸಿದರು. ಕಾರಣವನ್ನು ಮುಚ್ಚಿಟ್ಟು ಕೊಡುವ ಶಿಕ್ಷೆ ಆ ಪರಂಪರೆಯದಲ್ಲ.

*ಚೇತನವೇ ಕಮ್ಮ ಅಲ್ಲವೇ?*

ಇಲ್ಲಿ ಅಭ್ಯಾಸಿಗಳಲ್ಲಿ ಒಂದು ಸಂದೇಹ ಏಳುವುದು ಸಹಜ. ಚೇತನವನ್ನೇ ಭಗವಾನರು ಕಮ್ಮ ಎಂದರು. ಹಾಗಿದ್ದರೆ ಕೆಟ್ಟ ಉದ್ದೇಶವನ್ನು ಮೊಳಕೆಯಲ್ಲೇ ಚಿವುಟುವುದು ಧಮ್ಮವೇ ಅಲ್ಲವೇ?

ಹೌದು, ಚಿವುಟಬೇಕು. ಆದರೆ ಯಾರು? ಸತಿಯಿಂದ ನನ್ನ ಮನಸ್ಸನ್ನು ನಾನು ನೋಡಿಕೊಳ್ಳಬೇಕು. ನನ್ನ ಲೋಭ, ದ್ವೇಷ, ಮೋಹ ನನಗೆ ಕಾಣುತ್ತವೆ. ಠಾಣೆಯ ಅಧಿಕಾರಿಗೆ ಕಾಣುವುದಿಲ್ಲ. ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸಲು ಹೊರಟಾಗ ನಮಗೆ ಕಾಣುವುದು ಅವರ ಮನಸ್ಸಲ್ಲ, ಅವರ ಬಗ್ಗೆ ನಮಗೆ ಮೊದಲೇ ಇರುವ ಸಂಜ್ಞೆ. ಈ ದೇಶದಲ್ಲಿ ಆ ಸಂಜ್ಞೆಗೆ ಜಾತಿಯ ಬಣ್ಣ ಇದೆ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮಾಡಿದ್ದು ಇದನ್ನೇ. ಹುಟ್ಟಿದ ಕೂಸಿನಲ್ಲೇ ಕಳ್ಳತನದ ಪ್ರವೃತ್ತಿ ಇದೆ ಎಂದು ಅದು ಇಡೀ ಸಮುದಾಯಗಳನ್ನು ದಾಖಲೆಗೆ ಸೇರಿಸಿತು. 1952ರಲ್ಲಿ ಅದು ರದ್ದಾಯಿತು, ರೂಢಿಗತ ಅಪರಾಧಿಗಳ ಕಾಯ್ದೆಗಳು ರಾಜ್ಯ ರಾಜ್ಯಗಳಲ್ಲಿ ಉಳಿದುಕೊಂಡವು. ಕರ್ನಾಟಕದ್ದು 1961ರದು.

*ನಮ್ಮ ಚರಿತ್ರೆ ಹೇಳುವುದು*

1923ರಲ್ಲಿ ಬೊಂಬಾಯಿ ಶಾಸನ ಪರಿಷತ್ತು ಸಾರ್ವಜನಿಕ ಕೆರೆ ಬಾವಿಗಳನ್ನು ಅಸ್ಪೃಶ್ಯರಿಗೆ ತೆರೆಯಬೇಕೆಂದು ಠರಾವು ಮಾಡಿತು. ಮಹಾಡ್ ಪುರಸಭೆಯೂ ಅದನ್ನು ಒಪ್ಪಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರೊಂದಿಗೆ ನಮ್ಮ ಹಿರಿಯರು ಚವದಾರ್ ಕೆರೆಯ ನೀರು ಕುಡಿದರು. ಕಾನೂನು ಅವರ ಕಡೆಗಿತ್ತು. ಆದರೂ ಅವರು ದೇವಸ್ಥಾನಕ್ಕೂ ನುಗ್ಗುತ್ತಾರೆ ಎಂಬ ವದಂತಿ ಹಬ್ಬಿತು, ಆ ವದಂತಿಗೇ ಏಟು ಬಿತ್ತು. ಅವರು ಮಾಡದೇ ಇದ್ದ, ಮಾಡಬಹುದು ಎಂದು ಇತರರು ಊಹಿಸಿದ ಕೆಲಸಕ್ಕೆ ಬಿದ್ದ ಏಟು ಅದು. ‘ಶಾಂತಿಗೆ ಅಡ್ಡಿಯಾಗುವ ಪ್ರವೃತ್ತಿ’ ಎಂಬ ಅಳತೆಗೋಲು ಅಂದು ಇದ್ದಿದ್ದರೆ ಅದನ್ನು ಯಾರ ಮೇಲೆ ಹಿಡಿಯುತ್ತಿದ್ದರು ಎಂದು ಯೋಚಿಸಿ.

1997ರ ಜುಲೈ 11. ಮುಂಬೈನ ಘಾಟ್‌ಕೋಪರ್‌ನ ರಮಾಬಾಯಿ ನಗರದಲ್ಲಿ ಬಾಬಾಸಾಹೇಬರ ಪ್ರತಿಮೆಗೆ ಚಪ್ಪಲಿ ಹಾರ ಹಾಕಿದ್ದರು. ಪ್ರತಿಭಟಿಸಿದವರ ಮೇಲೆ ಮೀಸಲು ಪೊಲೀಸರು ಗುಂಡು ಹಾರಿಸಿದರು, 10 ಜನ ಸತ್ತರು. ಗುಂಪು ಗ್ಯಾಸ್ ಟ್ಯಾಂಕರ್‌ಗೆ ಬೆಂಕಿ ಹಚ್ಚಲಿತ್ತು ಎಂಬುದು ಪೊಲೀಸರ ಸಮರ್ಥನೆ. ನ್ಯಾಯಾಂಗ ಆಯೋಗ ಅದನ್ನು ಒಪ್ಪಲಿಲ್ಲ. ಗುಂಡಿಗೆ ಆದೇಶ ಕೊಟ್ಟ ಅಧಿಕಾರಿಗೆ ಸೆಷನ್ಸ್ ನ್ಯಾಯಾಲಯ ಶಿಕ್ಷೆ ವಿಧಿಸುವಷ್ಟರಲ್ಲಿ 2009 ಬಂದಿತ್ತು. ಇಲ್ಲಿಯೂ ‘ಮಾಡಲಿದ್ದರು’ ಎಂಬ ಊಹೆ. ಜನ ಸುರಕ್ಷಾ ಮಸೂದೆಗೆ ವಿಧಾನ ಪರಿಷತ್ತು ಒಪ್ಪಿಗೆ ಕೊಟ್ಟದ್ದೂ ಒಂದು ಜುಲೈ 11ರಂದೇ.

2024ರ ಡಿಸೆಂಬರ್‌ನಲ್ಲಿ ಪರಭಣಿಯಲ್ಲಿ ಸಂವಿಧಾನದ ಪ್ರತಿಕೃತಿಗೆ ಅವಮಾನವಾಯಿತು. ಪ್ರತಿಭಟನೆಯ ನಂತರ ಬಂಧಿತರಾದ ಒಬ್ಬ ಕಾನೂನು ವಿದ್ಯಾರ್ಥಿ ನ್ಯಾಯಾಂಗ ಬಂಧನದಲ್ಲಿ ತೀರಿಕೊಂಡರು. ಅದೇ ತಿಂಗಳು ನಾಗಪುರದ ಅಧಿವೇಶನದಲ್ಲಿ ಈ ಮಸೂದೆ ಮತ್ತೆ ಮಂಡನೆಯಾಯಿತು.

ಇನ್ನೊಂದು ಉದಾಹರಣೆ. ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಆನಂದ್ ತೇಲ್ತುಂಬ್ಡೆಯವರು 2020ರ ಏಪ್ರಿಲ್ 14ರಂದು, ಬಾಬಾಸಾಹೇಬರ ಜಯಂತಿಯ ದಿನವೇ, ಶರಣಾದರು. ಜಾಮೀನಿನ ಮೇಲೆ ಹೊರಬಂದದ್ದು 2022ರ ನವೆಂಬರ್ 26, ಸಂವಿಧಾನ ದಿನ. ಎರಡೂವರೆ ವರ್ಷ ಕಳೆದಿತ್ತು, ಪ್ರಕರಣ ಇತ್ಯರ್ಥವಾಗಿರಲಿಲ್ಲ. ಜಾಮೀನು ಕಷ್ಟವಾದ ಕಾನೂನಿನಲ್ಲಿ ವಿಚಾರಣೆಗೆ ಮೊದಲೇ ಶಿಕ್ಷೆ ಮುಗಿದಿರುತ್ತದೆ. ಅವರಂಥ ಹೆಸರಾಂತ ವಿದ್ವಾಂಸರಿಗೇ ಹೀಗಾದರೆ, ಕೂಲಿ ಮಾಡುವ ನಮ್ಮ ಕೇರಿಯ ಹುಡುಗನ ಗತಿಯೇನು?

*ನಮಗೂ ಪೊಲೀಸರು ಬೇಕಲ್ಲ?*

ಇದು ಗಟ್ಟಿಯಾದ ಪ್ರಶ್ನೆ, ತಳ್ಳಿಹಾಕಬಾರದು. ಗುಡಿಸಲಿಗೆ ಬೆಂಕಿ ಬಿದ್ದಾಗ ಮೊದಲು ಫೋನ್ ಮಾಡುವುದು ಠಾಣೆಗೇ. ದೌರ್ಜನ್ಯ ತಡೆ ಕಾಯ್ದೆಯಲ್ಲಿ ನಿರೀಕ್ಷಣಾ ಜಾಮೀನು ಕೂಡದು ಎಂದು ಹೋರಾಡುವವರೂ ನಾವೇ. ಹಾಗಿರುವಾಗ ಇನ್ನೊಂದು ಬಿಗಿ ಕಾನೂನನ್ನು ವಿರೋಧಿಸುವುದು ಇಬ್ಬಂದಿತನವಲ್ಲವೇ?

ಅಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆ ಓದಿ ನೋಡಿ. ಯಾವ ಯಾವ ಕೃತ್ಯ ಅಪರಾಧ ಎಂದು ಅದು ಒಂದೊಂದಾಗಿ ಎಣಿಸುತ್ತದೆ. 4ನೇ ಕಲಮಿನಲ್ಲಿ ಕರ್ತವ್ಯಲೋಪ ಎಸಗಿದ ಸರ್ಕಾರಿ ನೌಕರನಿಗೂ ಶಿಕ್ಷೆ ಇದೆ. ಅಂದರೆ ಅದು ಪೊಲೀಸರಿಗೆ ಅಧಿಕಾರ ಕೊಟ್ಟಿದೆ, ಜೊತೆಗೆ ಹೊಣೆಯನ್ನೂ ಹೊರಿಸಿದೆ. ಹೊಸ ಕಾನೂನು ಅಧಿಕಾರ ಕೊಡುತ್ತದೆ, ಹೊಣೆಯನ್ನು ಸಡಿಲ ಬಿಡುತ್ತದೆ. 2000ದಲ್ಲಿ ಕಂಬಾಲಪಲ್ಲಿಯಲ್ಲಿ 7 ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಅಲ್ಲಿ ಪೊಲೀಸರಿಗೆ ಅಧಿಕಾರದ ಕೊರತೆ ಇರಲಿಲ್ಲ. ಬದುಕುಳಿದವರಿಗೆ, ಸಾಕ್ಷಿ ಹೇಳುವವರಿಗೆ ರಕ್ಷಣೆಯ ಕೊರತೆ ಇತ್ತು. ನಾವು ಕೇಳಬೇಕಾದದ್ದು ಅದನ್ನು.

*ಬಾಬಾಸಾಹೇಬರು ಚಳವಳಿ ಬೇಡ ಎಂದರಲ್ಲ?*

ಅದೇ ನವೆಂಬರ್ 25ರ ಭಾಷಣದಲ್ಲಿ ಅವರು ಕಾನೂನುಭಂಗ, ಅಸಹಕಾರ, ಸತ್ಯಾಗ್ರಹಗಳನ್ನು ಕೈಬಿಡಬೇಕು, ಅವು ಅರಾಜಕತೆಯ ವ್ಯಾಕರಣ ಎಂದು ಎಚ್ಚರಿಸಿದ್ದು ನಿಜ. ಆದರೆ ಅದಕ್ಕೊಂದು ಷರತ್ತು ಇತ್ತು: ಸಂವಿಧಾನಬದ್ಧ ದಾರಿಗಳು ತೆರೆದಿರುವಾಗ. ಸಭೆ, ಸಂಘ, ಬರಹ, ಮನವಿ, ನ್ಯಾಯಾಲಯ, ಇವೇ ಆ ದಾರಿಗಳು. ಮಾತು ಬರಹಗಳನ್ನೇ ಅನುಮಾನದಿಂದ ನೋಡುವ ಕಾನೂನು ಆ ದಾರಿಗಳನ್ನು ಕಿರಿದುಮಾಡುತ್ತದೆ. ಆದ್ದರಿಂದ ಅದನ್ನು ವಿರೋಧಿಸುವುದು ಬಾಬಾಸಾಹೇಬರ ಮಾತಿಗೆ ವಿರುದ್ಧವಲ್ಲ. ಆ ಮಾತು ನಿಂತಿರುವ ನೆಲವನ್ನು ಕಾಯುವುದು. 12 ಸಾವಿರ ಆಕ್ಷೇಪಣೆ ಬರೆದವರು ತುಳಿದದ್ದು ಸಂವಿಧಾನದ ದಾರಿಯನ್ನೇ.

ಮುಂಜಾಗ್ರತಾ ಬಂಧನವನ್ನು ಬಾಬಾಸಾಹೇಬರು ಸಂವಿಧಾನದಿಂದ ಪೂರ್ತಿ ತೆಗೆಯಲಿಲ್ಲ, ಇದನ್ನೂ ನಾವು ಮರೆಮಾಚಬಾರದು. ಆದರೆ 1949ರ ಸೆಪ್ಟೆಂಬರ್‌ನಲ್ಲಿ ಈಗಿನ 22ನೇ ವಿಧಿಯನ್ನು ಅವರು ಮಂಡಿಸಿದ್ದು, ಜೀವ ಸ್ವಾತಂತ್ರ್ಯದ ವಿಧಿಯಲ್ಲಿ ರಕ್ಷಣೆ ತೆಳುವಾಯಿತು ಎಂಬ ಕಳವಳಕ್ಕೆ ಪರಿಹಾರವಾಗಿ. ಬಂಧನದ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎಂಬ ಬೇಲಿ ಹಾಕಿದ ಕೈ ಅವರದು. ಮುಂಜಾಗ್ರತಾ ಬಂಧನಕ್ಕೂ ಸಲಹಾ ಮಂಡಳಿಯ ತಡೆ ಇಟ್ಟರು. ರಾಜ್ಯಕ್ಕೆ ಬಲ ಬೇಕು, ಬಲಕ್ಕೆ ಬೇಲಿಯೂ ಬೇಕು ಎಂಬುದು ಅವರ ಮಧ್ಯಮ ಮಾರ್ಗ.

*ನಮ್ಮ ಮನೆಯಂಗಳದಲ್ಲಿ*

ಇದು ಒಂದು ಪಕ್ಷದ, ಒಂದು ರಾಜ್ಯದ ಮಾತಲ್ಲ. ಕರ್ನಾಟಕದಲ್ಲಿ 1985ರಿಂದ ‘ಗೂಂಡಾ ಕಾಯ್ದೆ’ ಇದೆ. ವಿಚಾರಣೆಯಿಲ್ಲದೆ 12 ತಿಂಗಳವರೆಗೆ ಒಳಗಿಡಬಹುದು. ಮೊದಲು ಕಳ್ಳಭಟ್ಟಿ, ಜೂಜು ಎಂದು ಶುರುವಾದದ್ದು 2014ರ ತಿದ್ದುಪಡಿಯಲ್ಲಿ ಡಿಜಿಟಲ್ ಅಪರಾಧಿಗಳವರೆಗೂ ಚಾಚಿತು. ಕೊಟ್ಟ ಅಧಿಕಾರ ಬೆಳೆಯುತ್ತದೆ, ತಾನಾಗಿ ಕುಗ್ಗುವುದಿಲ್ಲ. ನಮಗೆ ಇಷ್ಟವಾದ ಸರ್ಕಾರ ಇಂದು ಬರೆದ ಕಲಮನ್ನು ನಾಳೆ ಇಷ್ಟವಿಲ್ಲದ ಸರ್ಕಾರ ಬಳಸುತ್ತದೆ.

ಕೂಟದಂತ ಸುತ್ತದಲ್ಲಿ ಪುರೋಹಿತನು ಮಹಾವಿಜಿತ ರಾಜನಿಗೆ ಹೇಳುವುದನ್ನು ನೆನೆಯೋಣ. ಕೊಲ್ಲುವುದರಿಂದ, ಸೆರೆಯಿಂದ, ಗಡೀಪಾರಿನಿಂದ ಕಳ್ಳಕಾಕರ ಕಾಟ ನಿಲ್ಲುವುದಿಲ್ಲ. ಉಳಿದವರು ಮತ್ತೆ ಏಳುತ್ತಾರೆ. ರೈತನಿಗೆ ಬೀಜ, ವ್ಯಾಪಾರಿಗೆ ಬಂಡವಾಳ, ಸೇವಕನಿಗೆ ಸರಿಯಾದ ಕೂಲಿ ಕೊಡು ಎನ್ನುತ್ತಾನೆ. ರಾಜ ಹಾಗೆ ಮಾಡಿದ ಮೇಲೆ ಜನ ಬಾಗಿಲು ತೆರೆದಿಟ್ಟು ಬಾಳಿದರಂತೆ.

*ಈ ವಾರದ ಅಭ್ಯಾಸ*

1. ಸಂವಿಧಾನದ 19, 21, 22ನೇ ವಿಧಿಗಳನ್ನು ಮನೆಯ ಮಕ್ಕಳೊಂದಿಗೆ ಗಟ್ಟಿಯಾಗಿ ಓದಿ.
2. ಯಾವುದೇ ಮಸೂದೆಗೆ ಆಕ್ಷೇಪಣೆ ಕರೆದಾಗ ಒಂದು ಪುಟವಾದರೂ ಬರೆಯಿರಿ. ಬೈಗುಳ ಬೇಡ; ಕಲಮಿನ ಸಂಖ್ಯೆ, ಬದಲಾಗಬೇಕಾದ ಪದ, ಕಾರಣ ಇರಲಿ.
3. ಪರಿಶಿಷ್ಟ ಜಾತಿ, ಪಂಗಡದವರಿಗೂ, ಬಂಧನದಲ್ಲಿರುವವರಿಗೂ ಉಚಿತ ಕಾನೂನು ನೆರವಿನ ಹಕ್ಕಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿ ಎಲ್ಲಿದೆ ಎಂದು ಇಂದೇ ತಿಳಿದುಕೊಳ್ಳಿ.

*ಇಂದಿನ ಮನನಕ್ಕೆ:* ನನಗಾಗದವನ ಮೇಲೆ ಈ ಕಾನೂನು ಬಿದ್ದರೆ ನನಗೆ ಸಮಾಧಾನವಾಗುತ್ತದೆಯೇ? ಆಗುತ್ತದೆ ಎಂದಾದರೆ ಆ ಸಮಾಧಾನ ಮೈತ್ರಿಯಿಂದ ಹುಟ್ಟಿದ್ದೋ, ದ್ವೇಷದಿಂದಲೋ?

ಭವತು ಸಬ್ಬ ಮಂಗಲಂ. ಜೈ ಭೀಮ್.